ನಮ್ಮ ಮಳೆ ಮುಗಿಯುವಾಗ ಅವರ ಮಳೆ ಆರಂಭ

ಜನರಲ್ ತಿಮ್ಮಯ್ಯನವರು ಕಾವಲು ನಿಂತ ಸೈಪ್ರಸ್ ದ್ವೀಪದಲ್ಲಿ ಮಲೆನಾಡಿನ ರೈತ ನೋಡಬೇಕಾದ್ದು ಏನು?

ಚಿತ್ತೆ ಮಳೆ ಕಳೆದು ಸ್ವಾತಿ ಹನಿಯುವ ಹೊತ್ತಿಗೆ ಬಾಳ್ಳುಪೇಟೆಯ ಸುತ್ತಮುತ್ತ ಹಳ್ಳಗಳ ಸದ್ದು ಇಳಿಯುತ್ತದೆ. ಗದ್ದೆಯಲ್ಲಿ ಭತ್ತ ತೆನೆ ಕಟ್ಟಿರುತ್ತದೆ. ಏಲಕ್ಕಿ ಕೊಯ್ಲು ನಡೆದಿರುತ್ತದೆ. ಅರೇಬಿಕಾ ಕಾಯಿ ಹಣ್ಣಾಗಿ ಆಳು ಕರೆಯಲು ಇನ್ನೂ ಕೆಲವು ವಾರ ಉಳಿದಿರುತ್ತದೆ. ಕಾಫಿ ಬೆಳೆಗಾರನಿಗೆ ವರ್ಷದಲ್ಲಿ ಸಿಗುವ ಪುರುಸೊತ್ತು ಇದೊಂದೇ. ಈ ದಿನಗಳಲ್ಲಿ ಕೆಲವರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗಿ ಬರುತ್ತಾರೆ. ಮಕ್ಕಳು ಪರದೇಶದಲ್ಲಿರುವವರು ಈಗೀಗ ಸಮುದ್ರ ದಾಟಿಯೂ ಹೋಗುವುದುಂಟು.

ಹಾಗೆ ಹೋಗುವವರಿಗೂ, ಹೋಗದೆ ವಾಚನಾಲಯದ ಬೆಂಚಿನ ಮೇಲೆ ಕುಳಿತೇ ಲೋಕ ತಿಳಿಯುವವರಿಗೂ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪವನ್ನು ಇಲ್ಲಿ ಪರಿಚಯಿಸಲಾಗಿದೆ. ಅದರ ಹೆಸರು ಸೈಪ್ರಸ್. ಅಲ್ಲಿ ಶರತ್ಕಾಲ ಎಂದರೆ ಸೆಪ್ಟೆಂಬರಿನಿಂದ ನವೆಂಬರ್. ನಮ್ಮಲ್ಲಿ ಮಳೆ ಕೈಬಿಡುವ ಹೊತ್ತಿಗೆ ಅಲ್ಲಿ ಮಳೆ ಕೈಹಿಡಿಯುತ್ತದೆ. ಆರು ತಿಂಗಳು ಒಣಗಿ ಬಿರುಕು ಬಿಟ್ಟ ನೆಲ ಮೊದಲ ಹನಿಗಾಗಿ ಬಾಯ್ದೆರೆದು ಕುಳಿತಿರುತ್ತದೆ. ನೀರು ಹೆಚ್ಚಾಗಿ ಬೇಸತ್ತ ನಾವು, ನೀರಿಲ್ಲದೆಯೇ ಬಾಳು ಕಟ್ಟಿಕೊಂಡವರ ಊರನ್ನು ಇದೇ ಕಾಲದಲ್ಲಿ ನೋಡಬೇಕು.

ಕೊಡಗಿನವರೊಬ್ಬರು ಕಂಡ ಎರಡು ಶರತ್ಕಾಲ

ಸೈಪ್ರಸ್‌ಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ದ್ವೀಪದ ಲಾರ್ನಾಕಾ ಎಂಬ ಊರಿನಲ್ಲಿ ಒಂದು ಹೆದ್ದಾರಿಗೆ ನಮ್ಮ ಕೊಡಗಿನವರ ಹೆಸರಿದೆ. ಅವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಅವರದು ಕಾಫಿ ಬೆಳೆಯುವ ಮನೆತನ. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಇನ್ನು ವಿಶ್ರಾಂತಿ ಎನ್ನುವಷ್ಟರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂತು. 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾದ ಸೈಪ್ರಸ್‌ನಲ್ಲಿ ಗ್ರೀಕ್ ಮಾತಾಡುವವರಿಗೂ ತುರ್ಕಿ ಮಾತಾಡುವವರಿಗೂ 1963ರ ಕೊನೆಯಲ್ಲಿ ಹೊಡೆದಾಟ ಆರಂಭವಾಗಿತ್ತು. ಇಬ್ಬರ ನಡುವೆ ನಿಲ್ಲಲು 1964ರ ಮಾರ್ಚಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ರಚನೆಯಾಯಿತು. ಅದರ ಮೊದಲ ದಂಡನಾಯಕರೂ ಭಾರತೀಯರೇ, ಜನರಲ್ ಗ್ಯಾನಿ. ಅವರ ನಂತರ ಆ ವರ್ಷದ ಜುಲೈಯಲ್ಲಿ ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡರು.

ಬಂದ ಮರು ತಿಂಗಳೇ ದ್ವೀಪದ ವಾಯವ್ಯದಲ್ಲಿ ದೊಡ್ಡ ಕಾಳಗವಾಗಿ ವಿಮಾನಗಳಿಂದ ಬಾಂಬು ಬಿತ್ತು. ಅದು ತಣ್ಣಗಾಗುವ ಹೊತ್ತಿಗೆ ಶರತ್ಕಾಲ ಬಂದಿತ್ತು. ಅಲ್ಲಿ ಗೋಧಿ, ಬಾರ್ಲಿಯ ಬಿತ್ತನೆಗೆ ಮೊದಲ ಮಳೆಯ ಹದವೇ ಬೇಕು. ಆದರೆ ಇವನ ಹೊಲಕ್ಕೆ ಅವನ ಊರ ಮೇಲೆ ದಾರಿ, ಅವನ ತೋಟಕ್ಕೆ ಇವನ ಊರಿನಿಂದ ನೀರು. ನೇಗಿಲು ಹೂಡಿದವನು ಸಂಜೆ ಮನೆಗೆ ಮರಳುತ್ತಾನೆಂಬ ನಂಬಿಕೆ ಇರಲಿಲ್ಲ. ರೈತರಿಗೆ ಬೆಂಗಾವಲು ಕೊಟ್ಟು ಹೊಲಕ್ಕೆ ಕಳಿಸುವುದು, ಕೊಯ್ಲು ಮುಗಿಯುವವರೆಗೆ ಕಾಯುವುದು, ನೀರಿನ ಕೊಳವೆ ಮುಚ್ಚಿದವರೊಡನೆ ಮಾತಾಡಿ ಬಿಡಿಸುವುದು, ಇವೆಲ್ಲ ನೀಲಿ ಟೋಪಿಯ ಆ ಸೈನಿಕರ ಕೆಲಸಗಳಲ್ಲಿ ಸೇರಿದ್ದವು. ಗುಂಡು ಹಾರಿಸುವುದಕ್ಕಿಂತ ಗುಂಡು ಹಾರದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸ.

ತಿಮ್ಮಯ್ಯನವರು ಅಲ್ಲಿ ಎರಡು ಶರತ್ಕಾಲ ಕಂಡರು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರು ವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಸೈಪ್ರಸ್‌ಗೆ ಹೋಗಲಾಗದವರು ಅಲ್ಲಿಗಾದರೂ ಒಮ್ಮೆ ಹೋಗಿ ಬನ್ನಿ. ಬಾಳ್ಳುಪೇಟೆಯಿಂದ ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಹಾಸನ ಜಿಲ್ಲೆಗಿಂತ ತುಸು ದೊಡ್ಡದು

ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿ, ಸಾರ್ಡಿನಿಯಾ ಬಿಟ್ಟರೆ ಮೂರನೆಯ ದೊಡ್ಡ ದ್ವೀಪ ಸೈಪ್ರಸ್. ವಿಸ್ತೀರ್ಣ 9,251 ಚದರ ಕಿಲೋಮೀಟರ್. ನಮ್ಮ ಹಾಸನ ಜಿಲ್ಲೆ 6,814 ಚದರ ಕಿಲೋಮೀಟರ್. ಅಂದರೆ ಹಾಸನಕ್ಕೆ ಇನ್ನು ಸುಮಾರು ಮೂರು ತಾಲ್ಲೂಕು ಸೇರಿಸಿದರೆ ಒಂದು ಸೈಪ್ರಸ್. ಜನಸಂಖ್ಯೆ ಮಾತ್ರ ನಮ್ಮ ಜಿಲ್ಲೆಗಿಂತ ಕಡಿಮೆ. ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ಸಮುದ್ರ ದಾಟಿದರೆ ತುರ್ಕಿ ದೇಶ. ಪುರಾತನ ಕಾಲದಲ್ಲಿ ಇಲ್ಲಿ ತಾಮ್ರದ ಗಣಿಗಳು ಎಷ್ಟು ಹೆಸರಾಗಿದ್ದವೆಂದರೆ, ತಾಮ್ರಕ್ಕೆ ಇಂಗ್ಲಿಷಿನಲ್ಲಿರುವ ‘ಕಾಪರ್’ ಎಂಬ ಹೆಸರು ಈ ದ್ವೀಪದ ಹೆಸರಿನಿಂದಲೇ ಬಂದದ್ದು.

ದ್ವೀಪದ ನಡುವೆ ಟ್ರೂಡೋಸ್ ಎಂಬ ಬೆಟ್ಟಸಾಲು. ಅದರ ತುದಿ 1,952 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ದ್ವೀಪದ ಸರಾಸರಿ ಮಳೆ ವರ್ಷಕ್ಕೆ 450ರಿಂದ 500 ಮಿಲಿಮೀಟರ್. ನಮ್ಮದೇ ಜಿಲ್ಲೆಯ ಅರಸೀಕೆರೆಗಿಂತಲೂ ಕಡಿಮೆ. ಬೆಟ್ಟದ ನೆತ್ತಿಯಲ್ಲಿ ಮಾತ್ರ ಸಾವಿರ ದಾಟುತ್ತದೆ. ಸಕಲೇಶಪುರದ ಘಟ್ಟದಂಚಿನಲ್ಲಿ 2,000 ಮಿಲಿಮೀಟರ್ ಎಂದರೆ ನಮಗೆ ವಿಶೇಷವೇ ಅಲ್ಲ. ಅವರಿಗೆ ವರ್ಷದಲ್ಲಿ ಬೀಳುವ ಮಳೆ ನಮಗೆ ಆಷಾಢದ ಒಂದು ಜೋರು ಜಡಿಯಲ್ಲಿ ಬಿದ್ದುಹೋಗುವುದುಂಟು.

ಸಕಲೇಶಪುರ, ಆಲೂರಿನವರಿಗೆ ಇಲ್ಲೊಂದು ತಮಾಷೆಯ ಸಂಗತಿ. ಸೈಪ್ರಸ್‌ನಲ್ಲಿ ಒಂದು ಕಾಲಕ್ಕೆ ಆನೆಗಳಿದ್ದವು. ಆದರೆ ದ್ವೀಪದಲ್ಲಿ ಸಿಕ್ಕಿಬಿದ್ದು, ಮೇವು ಸಾಲದೆ, ತಲೆಮಾರು ತಲೆಮಾರಿಗೆ ಗಿಡ್ಡವಾಗುತ್ತ ಕೊನೆಗೆ ಸುಮಾರು ಒಂದು ಮೀಟರ್ ಎತ್ತರದ ಕುಳ್ಳಾನೆಗಳಾಗಿದ್ದವು. ಹನ್ನೆರಡು ಸಾವಿರ ವರ್ಷಗಳ ಹಿಂದೆಯೇ ಅಳಿದುಹೋದ ಅವುಗಳ ಎಲುಬುಗಳು ಸಿಕ್ಕಿವೆ. ರಾತ್ರಿ ಭತ್ತದ ಗದ್ದೆ ಕಾಯುವ ನಮ್ಮ ರೈತರು, ಇಲ್ಲಿಯೂ ಅಂಥವೇ ಇದ್ದಿದ್ದರೆ ಒಂದು ಬಿದಿರು ಬೇಲಿ ಸಾಕಿತ್ತಲ್ಲ ಎಂದುಕೊಂಡರೆ ಆಶ್ಚರ್ಯವಿಲ್ಲ.

ಶರತ್ಕಾಲವೇ ಅವರ ಸುಗ್ಗಿ

ನೀವು ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಟ್ರೂಡೋಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ದ್ರಾಕ್ಷಿ ಕೊಯ್ಲು ನೋಡಬಹುದು. ಅಲ್ಲಿನ ಹದಿನಾಲ್ಕು ಹಳ್ಳಿಗಳಲ್ಲಿ ‘ಕುಮಂಡಾರಿಯಾ’ ಎಂಬ ಸಿಹಿ ಮದ್ಯ ತಯಾರಾಗುತ್ತದೆ. ಕಿತ್ತ ದ್ರಾಕ್ಷಿಯನ್ನು ಕೂಡಲೇ ಹಿಂಡುವುದಿಲ್ಲ. ನಾವು ಕಣದಲ್ಲಿ ಕಾಫಿ ಹರವುವಂತೆ ಬಿಸಿಲಿಗೆ ಹರವಿ, ಒಂದು ವಾರ ಹತ್ತು ದಿನ ಬಾಡಿಸುತ್ತಾರೆ. ಮೋಡ ಕವಿದರೆ ಓಡಿ ಮುಚ್ಚುವ ಗಡಿಬಿಡಿ ಅವರಿಗೂ ಉಂಟು. ಎಂಟು ನೂರು ವರ್ಷಗಳಿಂದ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿರುವ ಸರಕು ಅದು. ಊರಿನ ಹೆಸರು ಸರಕಿನ ಬೆಲೆ ಕಾಯುವುದು ಹೇಗೆಂಬುದಕ್ಕೆ ಇದು ಉದಾಹರಣೆ. ಕೊಡಗಿನ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ ಎಂದು ನಮ್ಮ ಕಾಫಿಗೂ 2019ರಲ್ಲಿ ಅಂಥ ಭೌಗೋಳಿಕ ಗುರುತು ಸಿಕ್ಕಿದೆ. ಗುರುತು ಸಿಕ್ಕರೆ ಸಾಲದು, ಕೊಳ್ಳುವವನ ಬಾಯಲ್ಲಿ ಆ ಹೆಸರು ನಿಲ್ಲಬೇಕು.

ಹಳ್ಳಿಗಳಲ್ಲಿ ಹೆಂಗಸರು ದ್ರಾಕ್ಷಿ ರಸಕ್ಕೆ ಹಿಟ್ಟು ಬೆರೆಸಿ ಕುದಿಸಿ ಗಟ್ಟಿ ಪಾಕ ಮಾಡುತ್ತಾರೆ. ದಾರಕ್ಕೆ ಪೋಣಿಸಿದ ಬಾದಾಮಿಯನ್ನು ಅದರಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ ಮೇಣದಬತ್ತಿಯಂತೆ ದಪ್ಪ ಮಾಡಿ ತೂಗುಹಾಕುತ್ತಾರೆ. ಚಳಿಗಾಲಕ್ಕೆ ಮಕ್ಕಳ ತಿಂಡಿ ಅದು.

ಇನ್ನೊಂದು ಮರ ಕ್ಯಾರೋಬ್. ನೋಡಲು ನಮ್ಮ ಹುಣಸೆಯ ದಾಯಾದಿಯಂತಿದೆ. ಕಪ್ಪು ಬಣ್ಣದ ಉದ್ದನೆಯ ಕಾಯಿ, ತಿರುಳು ಸಿಹಿ. ಕಲ್ಲು ನೆಲದಲ್ಲಿ ನೀರು ಕಾಣದೆ ಬದುಕುತ್ತದೆ. ಹಿಂದೆ ಈ ಕಾಯಿಯನ್ನು ಹಡಗುಗಟ್ಟಲೆ ರಫ್ತು ಮಾಡುತ್ತಿದ್ದರು. ದನಕ್ಕೆ ಮೇವು, ಜನಕ್ಕೆ ಪಾಕ. ಆ ಪಾಕ ನಮ್ಮ ಜೋನಿಬೆಲ್ಲದ ಹಾಗೆಯೇ. ಇದರ ಬೀಜವನ್ನು ಹಿಂದಿನ ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದರು. ಚಿನ್ನ, ವಜ್ರದ ‘ಕ್ಯಾರೆಟ್’ ಎಂಬ ಮಾತು ಹುಟ್ಟಿದ್ದು ಅದರಿಂದ. ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಇದ್ದಂತೆ.

ಅಕ್ಟೋಬರ್ ಬಂತೆಂದರೆ ಆಲಿವ್ ಕೊಯ್ಲು. ಮರದಡಿ ಬಲೆ ಹಾಸಿ, ಬಾಚಣಿಗೆಯಂಥ ಸಾಧನದಿಂದ ಕೊಂಬೆ ಬಾಚಿ ಕಾಯಿ ಉದುರಿಸುತ್ತಾರೆ. ಇಡೀ ಮನೆಯವರು, ಪಟ್ಟಣ ಸೇರಿದ ಮಕ್ಕಳೂ ಶನಿವಾರ ಭಾನುವಾರ ಬಂದು ಸೇರುತ್ತಾರೆ. ಕಾಯಿಯನ್ನು ಗಾಣಕ್ಕೆ ಒಯ್ದು, ತಮ್ಮ ಎಣ್ಣೆಯನ್ನು ತಾವೇ ಕಣ್ಣೆದುರು ಹಿಡಿಸಿಕೊಂಡು ಬರುತ್ತಾರೆ. ಸಸಿ ತಂದು ನಮ್ಮಲ್ಲೂ ನೆಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಆಲಿವ್‌ಗೆ ಹೂ ಕಟ್ಟಲು ಚಳಿ ಬೇಕು, ಕಾಯಿ ಬಲಿಯಲು ಒಣ ಬೇಸಿಗೆ ಬೇಕು. ನಾಲ್ಕು ತಿಂಗಳು ಬೇರು ನೆನೆಯುವ ನಮ್ಮ ನೆಲ ಅದಕ್ಕೆ ಹೇಳಿಸಿದ್ದಲ್ಲ.

ಕೆಂಪು ಮಣ್ಣು, ಆಲೂಗಡ್ಡೆ, ಬತ್ತಿದ ಬಾವಿ

ಆಲೂರು, ಹಾಸನ ಕಡೆಯ ರೈತರು ನೋಡಲೇಬೇಕಾದ್ದು ದ್ವೀಪದ ಆಗ್ನೇಯ ಮೂಲೆ. ಅಲ್ಲಿನ ಊರುಗಳ ಗುಂಪಿಗೆ ಗ್ರೀಕ್ ಭಾಷೆಯಲ್ಲಿ ‘ಕೊಕ್ಕಿನೋಖೋರಿಯಾ’ ಎನ್ನುತ್ತಾರೆ. ಹಾಗೆಂದರೆ ‘ಕೆಂಪು ಹಳ್ಳಿಗಳು’. ಮಣ್ಣು ಕುಂಕುಮದಷ್ಟು ಕೆಂಪು. ಅಲ್ಲಿನ ಮುಖ್ಯ ಬೆಳೆ ಆಲೂಗಡ್ಡೆ. ಕೆಂಪು ಮಣ್ಣು ಮೆತ್ತಿಕೊಂಡೇ ಇಂಗ್ಲೆಂಡಿನ ಅಂಗಡಿಗಳಿಗೆ ಹೋಗುವ ಈ ಗಡ್ಡೆಗೆ ಒಳ್ಳೆಯ ಹೆಸರಿದೆ. ನಾವು ಬಿತ್ತನೆ ಗಡ್ಡೆಗೆ ಜಲಂಧರದ ಲಾರಿ ಕಾಯುವಂತೆ ಅವರು ಐರ್ಲೆಂಡ್, ಸ್ಕಾಟ್ಲೆಂಡ್, ಹಾಲೆಂಡಿನ ಹಡಗು ಕಾಯುತ್ತಾರೆ. ನಮ್ಮಲ್ಲಿ ಮುಂಗಾರಿಗೆ ಬಿತ್ತಿ ಅಂಗಮಾರಿಯ ಭಯದಲ್ಲಿ ಬದುಕಬೇಕು. ಅವರು ಮಳೆ ನಂಬದೆ ನೀರು ಕಟ್ಟಿ ಬೆಳೆಯುವುದರಿಂದ, ನೀರು ಇದ್ದಷ್ಟು ದಿನ ಬೆಳೆ ಅವರ ಹಿಡಿತದಲ್ಲಿರುತ್ತದೆ.

‘ನೀರು ಇದ್ದಷ್ಟು ದಿನ’ ಎಂಬ ಮಾತನ್ನು ಗಮನಿಸಿ. ಆ ಕೆಂಪು ಹಳ್ಳಿಗಳು ಮೊದಲು ಬದುಕಿದ್ದು ಬಾವಿಯ ನೀರಿನಿಂದ. ಲಾಭ ಕಂಡಿತು, ಪಂಪುಗಳು ಹೆಚ್ಚಿದವು. ಒಬ್ಬ ಆಳಕ್ಕೆ ಇಳಿದರೆ ಪಕ್ಕದವ ಇನ್ನೂ ಆಳಕ್ಕೆ ಇಳಿದ. ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತಿದ್ದರಿಂದ ನೆಲದೊಳಗೆ ಖಾಲಿಯಾದ ಜಾಗಕ್ಕೆ ಸಮುದ್ರದ ಉಪ್ಪು ನೀರು ನುಗ್ಗಿತು. ಬಾವಿಗಳು ಕೆಟ್ಟವು. ಕೊನೆಗೆ ಸರ್ಕಾರ ಸುಮಾರು 110 ಕಿಲೋಮೀಟರ್ ಉದ್ದದ ಕೊಳವೆ ಹಾಕಿ, ಟ್ರೂಡೋಸ್ ತಪ್ಪಲಿನ ಕೂರಿಸ್ ಅಣೆಕಟ್ಟೆಯಿಂದ ನೀರು ತಂದು ಆ ಹೊಲಗಳನ್ನು ಉಳಿಸಬೇಕಾಯಿತು.

ನಮ್ಮ ಕಡೆ ಸಮುದ್ರವಿಲ್ಲ, ಉಪ್ಪು ನುಗ್ಗುವ ಭಯವಿಲ್ಲ. ಆದರೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಬಾಳ್ಳುಪೇಟೆಯ ತೋಟಗಳಲ್ಲಿ ಬೋರ್‌ವೆಲ್ ಎಷ್ಟಿದ್ದವು, ಈಗ ಎಷ್ಟಿವೆ, ಆಗ ಎಷ್ಟು ಅಡಿಗೆ ನೀರು, ಈಗ ಎಷ್ಟು ಅಡಿಗೆ ನೀರು? ನಿಮ್ಮ ವಾಚನಾಲಯದಲ್ಲೇ ಕುಳಿತು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಪಟ್ಟಿ ನಿಮಗೆ ಈ ಲೇಖನಕ್ಕಿಂತ ಹೆಚ್ಚು ಹೇಳುತ್ತದೆ.

ಹನಿಗೂ ಲೆಕ್ಕ

ಸ್ವಾತಂತ್ರ್ಯ ಬಂದ 1960ರಲ್ಲಿ ಸೈಪ್ರಸ್‌ನ ಎಲ್ಲ ಅಣೆಕಟ್ಟೆಗಳೂ ಸೇರಿ ಹಿಡಿಯುತ್ತಿದ್ದ ನೀರು ಸುಮಾರು 60 ಲಕ್ಷ ಘನ ಮೀಟರ್ ಮಾತ್ರ. ‘ಒಂದು ಹನಿಯೂ ಸಮುದ್ರ ಸೇರಬಾರದು’ ಎಂಬ ಘೋಷಣೆಯೊಡನೆ ಕಟ್ಟುತ್ತ ಹೋದರು. ಈಗ ನೂರಕ್ಕೂ ಹೆಚ್ಚು ಅಣೆಕಟ್ಟೆಗಳಿವೆ. ಎಲ್ಲವೂ ತುಂಬಿದರೆ 33 ಕೋಟಿ ಘನ ಮೀಟರ್ ನಿಲ್ಲುತ್ತದೆ. ಅವುಗಳಲ್ಲಿ ದೊಡ್ಡದು 1988ರಲ್ಲಿ ಮುಗಿದ ಕೂರಿಸ್, 11.5 ಕೋಟಿ ಘನ ಮೀಟರ್.

ಇದನ್ನು ನಮ್ಮ ಗೊರೂರಿನ ಹೇಮಾವತಿ ಜಲಾಶಯದೊಡನೆ ಹೋಲಿಸಿ. ಅದರ ಸಾಮರ್ಥ್ಯ 37 ಟಿ.ಎಂ.ಸಿ., ಅಂದರೆ ಸುಮಾರು 105 ಕೋಟಿ ಘನ ಮೀಟರ್. ಒಂದು ದೇಶದ ನೂರು ಅಣೆಕಟ್ಟೆ ಸೇರಿದರೂ ನಮ್ಮ ಗೊರೂರಿನ ಮೂರರಲ್ಲಿ ಒಂದು ಪಾಲು! ಆ ಮೂರರಲ್ಲಿ ಒಂದು ಪಾಲಿನಲ್ಲಿ ಅವರು ದ್ರಾಕ್ಷಿ, ಕಿತ್ತಳೆ, ಆಲೂಗಡ್ಡೆ ಬೆಳೆದು ಪರದೇಶಕ್ಕೆ ಕಳಿಸುತ್ತಾರೆ. ನೀರಾವರಿ ಇರುವ ಕಡೆಯಲ್ಲೆಲ್ಲ ಬಹುಪಾಲು ಹನಿ ನೀರಾವರಿ ಅಥವಾ ತುಂತುರು. ಕಾಲುವೆಯಲ್ಲಿ ಹರಿಯಬಿಟ್ಟು ಗದ್ದೆ ತುಂಬಿಸುವುದು ಕಾಣಸಿಗದು. ಪಟ್ಟಣಗಳ ಕೊಳಚೆ ನೀರನ್ನೂ ಶುದ್ಧಮಾಡಿ ಬಹುಪಾಲನ್ನು ಮತ್ತೆ ತೋಟಗಳಿಗೆ ಬಿಡುತ್ತಾರೆ.

ಬೆಟ್ಟದ ಇಳಿಜಾರಿನಲ್ಲಿ ಇನ್ನೂ ಹಳೆಯ ವಿದ್ಯೆಯೊಂದಿದೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಹೊಲ. ಗೋಡೆ ಮಣ್ಣು ಹಿಡಿಯುತ್ತದೆ, ನೀರನ್ನು ಸಂದಿಗಳಿಂದ ಮೆಲ್ಲಗೆ ಬಿಡುತ್ತದೆ. ಈ ಕಲೆಯನ್ನು ಯುನೆಸ್ಕೊ 2018ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಯುವಕರು ಪಟ್ಟಣಕ್ಕೆ ಇಳಿದು ಹೋದ ಹಳ್ಳಿಗಳಲ್ಲಿ ಗೋಡೆ ಕುಸಿದರೆ ಎತ್ತಿ ಕಟ್ಟುವವರಿಲ್ಲ. ಈ ಮಾತು ಕೇಳಿದರೆ ನಿಮಗೆ ನಿಮ್ಮೂರಿನ ಬೀಗ ಹಾಕಿದ ಮನೆಗಳು ನೆನಪಾಗಬಹುದು.

ಇಷ್ಟೆಲ್ಲ ಮಾಡಿಯೂ ಅವರು ಗೆದ್ದಿಲ್ಲ ಎಂಬುದನ್ನೂ ಹೇಳಬೇಕು. ಮಳೆಯೇ ಬಾರದಿದ್ದರೆ ಅಣೆಕಟ್ಟೆ ಬರಿಯ ಗೋಡೆ. 2008ರ ಬರದಲ್ಲಿ ಗ್ರೀಸ್ ದೇಶದಿಂದ ಹಡಗಿನಲ್ಲಿ ಕುಡಿಯುವ ನೀರು ತರಿಸಿದರು. 2025ರ ಶರತ್ಕಾಲದಲ್ಲೂ ಜಲಾಶಯಗಳು ತಳ ಕಂಡಿದ್ದವು. ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಘಟಕಗಳನ್ನು 1997ರಿಂದ ಕಟ್ಟಿಕೊಂಡಿದ್ದಾರೆ. ಆ ನೀರು ಕುಡಿಯಲು ಸರಿ, ಬೆಳೆಗೆ ದುಬಾರಿ. ಕೆಲವು ವರ್ಷಕ್ಕೊಮ್ಮೆ ಕೂರಿಸ್ ಕೋಡಿ ಬಿದ್ದರೆ ಜನ ಕುಟುಂಬ ಸಮೇತ ನೋಡಲು ಹೋಗುತ್ತಾರೆ. ನಮ್ಮಲ್ಲಿ ಕೆರೆ ತುಂಬಿದಾಗ ಬಾಗಿನ ಕೊಡುವ ಸಂತೋಷವೇ ಅದು.

ಅಣೆಕಟ್ಟೆಗಳಿಂದ ಕೆಳಗಿನ ಹೊಳೆಪಾತ್ರಗಳು ಒಣಗಿ, ಕೆಳಗಿನ ಊರುಗಳ ಬಾವಿಗಳಿಗೆ ಇಂಗುವ ನೀರು ಕಡಿಮೆಯಾದದ್ದೂ ಉಂಟು. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ನಮ್ಮ ಸಕಲೇಶಪುರದಲ್ಲಿ, ಸಮುದ್ರಕ್ಕೆ ಹೋಗುವ ನೀರು ವ್ಯರ್ಥವೇ ಅಲ್ಲವೇ ಎಂಬ ವಾದ ಹೊಸದಲ್ಲ. ಸೈಪ್ರಸ್‌ನ ಅನುಭವ ಎರಡು ಪಕ್ಷದವರಿಗೂ ಒಂದೊಂದು ಮಾತು ಹೇಳುತ್ತದೆ: ಹಿಡಿದ ನೀರು ಬೆಳೆ ಉಳಿಸುತ್ತದೆ, ಹಿಡಿದದ್ದಕ್ಕೆ ಕೆಳಗೆ ಯಾರೋ ಬೆಲೆ ಕೊಡುತ್ತಾರೆ.

ಗೆರೆಯ ಆಚೆ, ಗೆರೆಯ ಈಚೆ

ರಾಜಧಾನಿ ನಿಕೋಸಿಯಾದ ಹಳೆಯ ಊರಿಗೆ ದುಂಡಗಿನ ಕೋಟೆಯಿದೆ. 1567ರಲ್ಲಿ ವೆನಿಸ್‌ನವರು ಕಟ್ಟಿದ್ದು, ಸುತ್ತ ಹನ್ನೊಂದು ಕೊತ್ತಲಗಳು. ಮೇಲಿನಿಂದ ತೆಗೆದ ಚಿತ್ರ ನೋಡಿದರೆ 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ನಮ್ಮ ಮಂಜರಾಬಾದ್ ಕೋಟೆಯ ಎಂಟು ಮೂಲೆಯ ನಕ್ಷತ್ರ ನೆನಪಾಗುತ್ತದೆ. ಆದರೆ ನಿಕೋಸಿಯಾದ ನಕ್ಷತ್ರವನ್ನು ಒಂದು ಗೆರೆ ಎರಡು ಹೋಳು ಮಾಡಿದೆ. 1963ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದದ್ದರಿಂದ ಅದಕ್ಕೆ ‘ಹಸಿರು ಗೆರೆ’ ಎಂದೇ ಹೆಸರು. 1974ರಲ್ಲಿ ತುರ್ಕಿಯ ಸೈನ್ಯ ಇಳಿದ ಮೇಲೆ ಆ ಗೆರೆ ಇಡೀ ದ್ವೀಪಕ್ಕೆ ಹಬ್ಬಿತು. ಗ್ರೀಕರು ದಕ್ಷಿಣಕ್ಕೆ, ತುರ್ಕರು ಉತ್ತರಕ್ಕೆ ಮನೆ ಮಾರು ಬಿಟ್ಟು ಹೋದರು.

ಎರಡು ಸೈನ್ಯಗಳ ನಡುವಿನ ಆ ಪಟ್ಟಿ ಈಗಲೂ ವಿಶ್ವಸಂಸ್ಥೆಯ ಕಾವಲಿನಲ್ಲಿದೆ. ಉದ್ದ ಸುಮಾರು 180 ಕಿಲೋಮೀಟರ್. ಅಗಲ ಕೆಲವೆಡೆ ಕೆಲವೇ ಮೀಟರ್, ಕೆಲವೆಡೆ ಏಳು ಕಿಲೋಮೀಟರಿಗೂ ಹೆಚ್ಚು. ಅದರೊಳಗೆ ಒಳ್ಳೆಯ ಹೊಲಗಳಿವೆ. ಅನುಮತಿ ಚೀಟಿ ಪಡೆದು ರೈತರು ಅಲ್ಲಿ ಇಂದಿಗೂ ಉಳುತ್ತಾರೆ. ತಿಮ್ಮಯ್ಯನವರ ಕಾಲದಲ್ಲಿ ಆರಂಭವಾದ, ರೈತನನ್ನು ಹೊಲಕ್ಕೆ ಕಳಿಸಿ ಕಾಯುವ ಕೆಲಸ ಅರವತ್ತು ವರ್ಷ ದಾಟಿದರೂ ಮುಗಿದಿಲ್ಲ. ಪೀಲಾ ಎಂಬ ಹಳ್ಳಿಯಲ್ಲಿ ಗ್ರೀಕರೂ ತುರ್ಕರೂ ಇಂದಿಗೂ ಒಟ್ಟಿಗೆ ಇದ್ದಾರೆ.

ಒಡೆದ ಮನೆಯಲ್ಲೂ ನೀರು ಮಾತ್ರ ಗೆರೆ ಕೇಳುವುದಿಲ್ಲ. ನಿಕೋಸಿಯಾದ ಎರಡೂ ಭಾಗದ ಕೊಳಚೆ ನೀರು ಗೆರೆ ದಾಟಿ ಒಂದೇ ಘಟಕದಲ್ಲಿ ಶುದ್ಧವಾಗುತ್ತದೆ. ರಾಜಕಾರಣಿಗಳು ಒಪ್ಪಂದಕ್ಕೆ ಬಾರದ ಕಾಲದಲ್ಲೂ ಎರಡೂ ಕಡೆಯ ಮೇಯರುಗಳು ಇದೊಂದಕ್ಕೆ ಕೂಡಿ ಕೆಲಸ ಮಾಡಿದರು. ಉತ್ತರದವರು 2015ರ ಅಕ್ಟೋಬರಿನಿಂದ ತುರ್ಕಿಯಿಂದ ಸಮುದ್ರದೊಳಗೆ ಹಾಕಿದ ಸುಮಾರು 80 ಕಿಲೋಮೀಟರ್ ಕೊಳವೆಯ ಮೂಲಕ ನೀರು ತರಿಸಿಕೊಳ್ಳುತ್ತಿದ್ದಾರೆ. ದಕ್ಷಿಣದವರಿಗೆ ಅದರ ಪಾಲಿಲ್ಲ. ಒಂದು ಹಳ್ಳದ ನೀರಿಗೆ ಮೇಲಿನ ತೋಟದವರೂ ಕೆಳಗಿನ ಗದ್ದೆಯವರೂ ಫೆಬ್ರುವರಿಯಲ್ಲಿ ಮಾತು ಬಿಡುವ ನಮ್ಮ ಊರುಗಳಲ್ಲಿ, ಈ ಎರಡು ಕಥೆಗಳನ್ನೂ ಒಟ್ಟಿಗೆ ಹೇಳಬೇಕು.

ಅವರ ವಾಚನಾಲಯ

ಸೈಪ್ರಸ್‌ನ ಪ್ರತಿ ಹಳ್ಳಿಯ ನಡುವೆ ಒಂದು ಕಾಫಿ ಅಂಗಡಿ ಇರುತ್ತದೆ. ಅದೇ ಅವರ ವಾಚನಾಲಯ, ಅದೇ ಅವರ ಪಂಚಾಯಿತಿ ಕಟ್ಟೆ. ವಯಸ್ಸಾದವರು ಪತ್ರಿಕೆ ಓದುತ್ತ, ಪಗಡೆಯಂಥ ಆಟ ಆಡುತ್ತ ಗಂಟೆಗಟ್ಟಲೆ ಕೂರುತ್ತಾರೆ. ಕಾಫಿ ಗಿಡ ಅಲ್ಲಿ ಬೆಳೆಯುವುದಿಲ್ಲ, ಬೀಜವೆಲ್ಲ ಹೊರಗಿನದು. ಹಿಟ್ಟಿನಷ್ಟು ನುಣ್ಣಗೆ ಪುಡಿಮಾಡಿ, ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನೀರಿನೊಡನೆ ಕುದಿ ಬರಿಸಿ, ಸೋಸದೆ ಬಟ್ಟಲಿಗೆ ಬಗ್ಗಿಸುತ್ತಾರೆ. ಸಕ್ಕರೆ ಮೊದಲೇ ಹಾಕುವುದರಿಂದ ‘ಸ್ಕೆತೋ’ ಎಂದರೆ ಸಪ್ಪೆ, ‘ಮೆತ್ರಿಯೋ’ ಎಂದರೆ ಹದ, ‘ಗ್ಲಿಕೋ’ ಎಂದರೆ ಸಿಹಿ ಎಂದು ಮೊದಲೇ ಹೇಳಬೇಕು. ಜೊತೆಗೊಂದು ಲೋಟ ತಣ್ಣೀರು ತಪ್ಪದೆ ಇಡುತ್ತಾರೆ. ಹಿಂದೆ ಎಲ್ಲರೂ ಅದನ್ನು ತುರ್ಕಿ ಕಾಫಿ ಎನ್ನುತ್ತಿದ್ದರು. 1974ರ ನಂತರ ದಕ್ಷಿಣದಲ್ಲಿ ಅದು ಸೈಪ್ರಸ್ ಕಾಫಿಯಾಯಿತು. ಕಾಫಿ ಅದೇ, ಹೆಸರು ಮಾತ್ರ ಗೆರೆ ದಾಟಿತು.

ಸಹಕಾರ ಸಂಘದ ಸದಸ್ಯರು ಇನ್ನೊಂದು ವಿಷಯ ತಿಳಿದಿರಲಿ. ಭಾರತದ ಮೊದಲ ಕೃಷಿ ಸಹಕಾರ ಸಂಘ ನಮ್ಮ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿತು. ಸೈಪ್ರಸ್‌ನ ಮೊದಲ ಸಂಘ ಲೆಫ್ಕೋನಿಕೋ ಎಂಬ ಹಳ್ಳಿಯಲ್ಲಿ 1909ರಲ್ಲಿ. ಬಡ್ಡಿ ಸಾಹುಕಾರರಿಂದ ರೈತರನ್ನು ಬಿಡಿಸಿದ ಆ ಚಳವಳಿ ಹಳ್ಳಿಹಳ್ಳಿಗೂ ಹಬ್ಬಿತು. ಆದರೆ ಮರುಪಾವತಿಯಾಗದ ಸಾಲ ಬೆಟ್ಟದಷ್ಟು ಬೆಳೆದು 2018ರಲ್ಲಿ ಅವರ ಸಹಕಾರ ಬ್ಯಾಂಕಿನ ವ್ಯವಹಾರ ಖಾಸಗಿ ಬ್ಯಾಂಕಿನ ಪಾಲಾಯಿತು. ನೂರು ವರ್ಷದ ಗಳಿಕೆ ಹೋಗಲು ಹತ್ತು ವರ್ಷದ ಅಜಾಗರೂಕತೆ ಸಾಕು.

ಹೋಗುವವರಿಗೆ ನಾಲ್ಕು ಮಾತು

ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಮೊದಲ ವಾರ ಒಳ್ಳೆಯ ಸಮಯ. ಬೇಸಿಗೆಯ ಉರಿ ಇಳಿದಿರುತ್ತದೆ, ಪ್ರವಾಸಿಗರ ನೂಕುನುಗ್ಗಲೂ ಕಡಿಮೆ. ಬೆಟ್ಟಕ್ಕೆ ಸ್ವೆಟರ್ ಒಯ್ಯಿರಿ. ವೀಸಾ ಮೊದಲೇ ಪಡೆಯಬೇಕು. ಕೊಲ್ಲಿ ದೇಶಗಳಲ್ಲಿ ವಿಮಾನ ಬದಲಿಸಿ ದಕ್ಷಿಣದ ಲಾರ್ನಾಕಾ ಅಥವಾ ಪಾಫೋಸ್‌ನಲ್ಲಿ ಇಳಿಯಿರಿ. ಉತ್ತರದ ವಿಮಾನ ನಿಲ್ದಾಣದಿಂದ ಒಳಬರುವುದನ್ನು ಸೈಪ್ರಸ್ ಸರ್ಕಾರ ಒಪ್ಪುವುದಿಲ್ಲ. ಬ್ರಿಟಿಷರು ಆಳಿದ ನಾಡಾದ್ದರಿಂದ ವಾಹನಗಳು ನಮ್ಮಂತೆ ಎಡಕ್ಕೇ ಓಡುತ್ತವೆ, ಇಂಗ್ಲಿಷ್ ಬಲ್ಲವರು ಬಹಳ. ಸಸ್ಯಾಹಾರಿಗಳು ಹಸಿವಿನಿಂದ ಇರಬೇಕಿಲ್ಲ. ಕಡಲೆಕಾಳು, ಅವರೆಯಂಥ ಕಾಳು, ಬದನೆ, ಮೊಸರು, ಹಾಗೂ ಆಡು ಕುರಿಗಳ ಹಾಲಿನ ‘ಹಲ್ಲೂಮಿ’ ಎಂಬ ಗಿಣ್ಣು ಎಲ್ಲೆಡೆ ಸಿಗುತ್ತದೆ. ಲಾರ್ನಾಕಾದ ಉಪ್ಪಿನ ಸರೋವರಕ್ಕೆ ನವೆಂಬರಿನಲ್ಲಿ ರಾಜಹಂಸಗಳು ಬರಲು ಆರಂಭಿಸುತ್ತವೆ.

ಬರುವಾಗ ಬೀಜ, ಸಸಿ, ಹಣ್ಣು, ಮಣ್ಣು ಯಾವುದನ್ನೂ ಕದ್ದು ತರಬೇಡಿ. ಕಾಫಿ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೆ ಹಬ್ಬಿದ್ದು ನಿಮಗೆ ಗೊತ್ತೇ ಇದೆ. ಹೊರಗಿನ ಒಂದು ಹುಳು ಮೂರು ಜಿಲ್ಲೆಗೆ ಸಾಕು.

ಮನೆಗೆ ತರಬೇಕಾದ್ದು ಲೆಕ್ಕ

ತರಬೇಕಾದ್ದು ಒಂದಿದೆ, ಅದಕ್ಕೆ ಸುಂಕವಿಲ್ಲ. ಅದು ನೀರಿನ ಲೆಕ್ಕ ಇಡುವ ಅಭ್ಯಾಸ.

ನಿಮ್ಮ ಮನೆಯ ಮಾಡು ಒಂದು ಸಾವಿರ ಚದರ ಅಡಿ ಇದೆ ಎನ್ನಿ. ವರ್ಷಕ್ಕೆ 2,000 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವ ನೀರು ಸುಮಾರು 1.85 ಲಕ್ಷ ಲೀಟರ್. ಅದೇ ಮಾಡು ಸೈಪ್ರಸ್‌ನಲ್ಲಿದ್ದರೆ ಸುಮಾರು 45 ಸಾವಿರ ಲೀಟರ್. ಅವರಿಗಿಂತ ನಾಲ್ಕು ಪಟ್ಟು ಪಡೆದೂ ಮಾರ್ಚಿಯಲ್ಲಿ ಹೂಮಳೆ ತಡವಾದರೆ ನಾವು ಆಕಾಶ ನೋಡುತ್ತ ನಿಲ್ಲುತ್ತೇವೆ.

ಒಂದು ಎಕರೆ ರೊಬಸ್ಟಾಕ್ಕೆ ಹೂವಿಗೆಂದು ಒಂದೂವರೆ ಇಂಚು ನೀರು ಕೊಡಲು ಸುಮಾರು 1.5 ಲಕ್ಷ ಲೀಟರ್ ಬೇಕು. ಮುಂದೆ ಕಾಯಿ ಕಚ್ಚಲು ಇನ್ನೊಂದು ಇಂಚು ಎಂದರೆ ಮತ್ತೆ ಒಂದು ಲಕ್ಷ. ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ, ಹತ್ತು ಅಡಿ ಆಳದ ಹೊಂಡ ನೇರ ಬದಿಯದಾದರೆ ಸುಮಾರು 2.5 ಲಕ್ಷ ಲೀಟರ್ ಹಿಡಿಯುತ್ತದೆ. ಬದಿ ಇಳಿಜಾರಾದರೆ, ನೀರು ಇಂಗಿ ಆರಿದರೆ, ಅಷ್ಟಷ್ಟು ಕಡಿಮೆ. ಹಾಗಾಗಿ ಎರಡು ಎಕರೆಯವನಿಗೆ ಎಷ್ಟು ಹೊಂಡ ಬೇಕು, ನಾಲ್ಕು ಎಕರೆಯವನಿಗೆ ಎಷ್ಟು ಎಂಬುದನ್ನು ಈಗಲೇ ಕಾಗದದ ಮೇಲೆ ಬರೆಯಬಹುದು. ಹೊಂಡಕ್ಕೆ ಸಿಗುವ ಸಹಾಯದ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ತೋಟದ ಬಗ್ಗೆ ಕಾಫಿ ಮಂಡಳಿಯ ಸಂಪರ್ಕ ಕಚೇರಿಯಲ್ಲಿ ವಿಚಾರಿಸಿ.

ಹೊಂಡ ತೋಡಲು ಹಣವಿಲ್ಲದವರೂ ಕೈಕಟ್ಟಿ ಕೂರಬೇಕಿಲ್ಲ. ಗಿಡದ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ತೊಟ್ಟಿಲು ಗುಂಡಿ ತೆಗೆಯಿರಿ. ಹಳೆಯದು ತುಂಬಿದ್ದರೆ ಹೂಳೆತ್ತಿ. ಮಳೆ ಬಿಟ್ಟ ಕೂಡಲೇ, ಮಣ್ಣು ಹಸಿಯಿರುವಾಗಲೇ, ದರಗು ಸೊಪ್ಪು ಹೊದಿಸಿ. ಹಳ್ಳದ ನೀರು ಇನ್ನೂ ಹರಿಯುವ ಕಾರ್ತಿಕ ಮಾಸದಲ್ಲೇ ಮಣ್ಣು ತುಂಬಿದ ಚೀಲಗಳಿಂದ ಒಡ್ಡು ಹಾಕಿ. ಶಿವರಾತ್ರಿಗೆ ನೆನಪಾದರೆ ಹಳ್ಳದಲ್ಲಿ ಕಲ್ಲು ಮಾತ್ರ ಇರುತ್ತದೆ. ಒಡ್ಡು ಹಾಕುವ ಮೊದಲು ಕೆಳಗಿನ ಗದ್ದೆಯವರನ್ನು ಕರೆದು, ಎಷ್ಟು ದಿನ ಹಿಡಿಯುವುದು, ಎಷ್ಟು ಬಿಡುವುದು ಎಂದು ಮಾತಾಡಿಕೊಳ್ಳಿ. ಸೈಪ್ರಸ್‌ನ ರೈತನಿಗೆ ಆ ಮಾತಾಡಿಸಲು ಪರದೇಶದಿಂದ ಒಬ್ಬ ಜನರಲ್ ಬರಬೇಕಾಯಿತು. ನಮ್ಮ ಊರಿನಲ್ಲಿ ಹಳ್ಳದ ಆಚೆಯವರು ನೆಂಟರೋ, ಪರಿಚಯದವರೋ ಆಗಿರುತ್ತಾರೆ. ಅರೇಬಿಕಾ ಕೊಯ್ಲಿಗೆ ಆಳು ಬರುವ ಮೊದಲು ಒಂದು ಭಾನುವಾರ ಈ ಮಾತು ಮುಗಿಸಿಬಿಡಿ.